ಮೀಸೆ ಮಣ್ಣಾದರೇನು?

“ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ” ಎಂಬ ಗಾದೆ ಕನ್ನಡ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದುದು. ಸೋತವನು ತನ್ನ ಸೋಲನ್ನು ಒಪ್ಪಿಕೊಳ್ಳದೆ ಏನಾದರೊಂದು ನೆಪವನ್ನು ಮುಂದಿಟ್ಟಾಗ ಜನರು ಈ ಮಾತನ್ನಾಡಿ ನಗುತ್ತಾರೆ. ಬೆನ್ನು ನೆಲಕ್ಕೆ ಹತ್ತಿದ ಮೇಲೆ ಮೀಸೆಗೆ ಮಣ್ಣು ಮೆತ್ತಿತೋ ಇಲ್ಲವೋ ಎಂದು ವಾದಿಸುವುದರಿಂದ ಆಗುವ ಪ್ರಯೋಜನವೇನು? ಗಾದೆಯನ್ನು ಕಟ್ಟಿದ ಹಿರಿಯರು ನಕ್ಕದ್ದು ಬಿದ್ದವನ ಸೋಲನ್ನು ಕಂಡಲ್ಲ, ಸೋಲನ್ನು ಮುಚ್ಚಿಡಲೆಳಸುವ ಒಣಜಂಬವನ್ನು ಕಂಡು. ಆದರೆ ಕಾಲಕ್ರಮದಲ್ಲಿ ಈ ಸೂಕ್ಷ್ಮವು ಮರೆತುಹೋಗಿ, ಬಿದ್ದವನನ್ನೇ ಕಂಡು ನಗುವ ರೂಢಿ ಬೆಳೆದಿದೆ. ಅದರಲ್ಲಿಯೂ ಒಂದು ಕಣದಲ್ಲಿ ಗೆದ್ದು ಹೆಸರು ಮಾಡಿದವನು ಇನ್ನೊಂದು ಕಣಕ್ಕೆ ಇಳಿದು ಮುಗ್ಗರಿಸಿದರೆ ಜನರ ನಗೆಗೆ ಮಿತಿಯೇ ಇರುವುದಿಲ್ಲ. “ಇದ್ದಲ್ಲಿ ಸುಮ್ಮನೆ ಇರಬಾರದಾಗಿತ್ತೇ?” ಎಂಬ ಮಾತು ಎಲ್ಲರ ಬಾಯಲ್ಲಿಯೂ ಬರುತ್ತದೆ. ಈ ನಗೆಯೂ ಈ ಮಾತೂ ಎಷ್ಟರ ಮಟ್ಟಿಗೆ ನ್ಯಾಯವಾದುವು ಎಂಬುದು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಈ ವಿಚಾರವನ್ನು ಎತ್ತಿಕೊಳ್ಳಲು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಲೋಕಾಪುರಕ್ಕಿಂತ ತಕ್ಕ ಸ್ಥಳ ಬೇರೊಂದು ಬೇಕಾಗಿಲ್ಲ. ಸುಣ್ಣದ ಕಲ್ಲಿನ ಗಣಿಗಳಿಗೂ ಕಬ್ಬಿನ ಬೆಳೆಗೂ ಹೆಸರಾದ ಈ ಸೀಮೆ ಕುಸ್ತಿಯ ಸೀಮೆಯೂ ಹೌದು. ಲೋಕಾಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿಗಳ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆ, ಉರುಸುಗಳು ಬಂದವೆಂದರೆ ಕುಸ್ತಿಯ ಕಣ ಸಿದ್ಧವಾಗುತ್ತದೆ. ಹಲಗೆಯ ಸದ್ದು ಊರ ಹೊರಗಿನವರೆಗೂ ಕೇಳಿಸುತ್ತದೆ. ಮೊದಲು ಚಿಕ್ಕ ಹುಡುಗರ ಜೋಡಿಗಳು, ಹೊತ್ತೇರಿದಂತೆ ಹೆಸರಾಂತ ಪೈಲವಾನರ ಜೋಡಿಗಳು ಕಣಕ್ಕೆ ಇಳಿಯುತ್ತವೆ. ಕೊನೆಗೆ, ಒಬ್ಬನ ಬೆನ್ನು ನೆಲಕ್ಕೆ ಹತ್ತುವವರೆಗೂ ಬಿಡದೆ ನಡೆಯುವ ಜಂಗೀ ನಿಕಾಲಿ ಕುಸ್ತಿಯನ್ನು ನೋಡಲು ಜನರು ಮರದ ಕೊಂಬೆಗಳ ಮೇಲೆಯೂ ಮಾಳಿಗೆಗಳ ಮೇಲೆಯೂ ಏರಿ ಕುಳಿತಿರುತ್ತಾರೆ. ಗೆದ್ದವನ ತಲೆಗೆ ರುಮಾಲು ಸುತ್ತಿ, ಕೈಗೆ ಬೆಳ್ಳಿಯ ಕಡೆ ತೊಡಿಸಿ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಸೋತವನು ಮೈಗೆ ಅಂಟಿದ ಮಣ್ಣನ್ನು ಕೊಡವಿಕೊಂಡು ಗುಂಪಿನಲ್ಲಿ ಮರೆಯಾಗುತ್ತಾನೆ. “ಗೆದ್ದೆತ್ತಿನ ಬಾಲ ಹಿಡಿ” ಎಂಬುದು ಲೋಕದ ನಡೆಯಷ್ಟೆ.

ಆದರೆ ಕಣದಲ್ಲಿ ಒಂದು ಹೊತ್ತು ಕಾಣುವ ಈ ಗೆಲವಿನ ಹಿಂದೆ ಗರಡಿಮನೆಯ ಹಲವು ವರುಷಗಳ ಸಾಧನೆ ಅಡಗಿರುತ್ತದೆ. ಬೆಳಗಿನ ಜಾವದಲ್ಲಿಯೇ ಎದ್ದು ಸಾಮು ತೆಗೆಯಬೇಕು. ದಂಡ, ಬೈಠಕ್ಕುಗಳನ್ನು ನೂರುಗಟ್ಟಲೆ ಹೊಡೆಯಬೇಕು. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣನ್ನು ದಿನವೂ ಅಗೆದು ಮೆತ್ತಗೆ ಮಾಡಬೇಕು. ಉಣಿಸು, ನಿದ್ರೆ, ನಡತೆ ಎಲ್ಲದರಲ್ಲಿಯೂ ವಸ್ತಾದರ ಮಾತನ್ನು ಮೀರುವಂತಿಲ್ಲ. ಗರಡಿಗೆ ಹೊಸದಾಗಿ ಬಂದ ಹುಡುಗನು ಎತ್ತುವುದನ್ನು ಕಲಿಯುವ ಮೊದಲು ಬೀಳುವುದನ್ನು ಕಲಿಯುತ್ತಾನೆ. ಮೈಗೆ ಪೆಟ್ಟಾಗದಂತೆ ಬೀಳುವುದು, ಬಿದ್ದೊಡನೆ ಹೊರಳಿ ಏಳುವುದು ಅವನ ಮೊದಲ ಪಾಠ. ಎಷ್ಟೋ ಸಾವಿರ ಸಲ ಬಿದ್ದೆದ್ದ ಬಳಿಕವೇ ಅವನು ಪೈಲವಾನನೆನಿಸಿಕೊಳ್ಳುತ್ತಾನೆ.

ಇಂತಹ ಪೈಲವಾನನಿಗೆ ಒಂದಲ್ಲ ಒಂದು ದಿನ ಕಣವನ್ನು ಬದಲಿಸಬೇಕಾದ ಕಾಲ ಬರುತ್ತದೆ. ಮೂವತ್ತು, ಮೂವತ್ತೈದರ ವಯಸ್ಸಿಗೆ ಮೈಯ ಕಸುವು ಇಳಿಮುಖವಾಗತೊಡಗುತ್ತದೆ. ಮೊಣಕಾಲಿಗೋ ಭುಜಕ್ಕೋ ಆದ ಪೆಟ್ಟು ವಾಸಿಯಾಗದೆ ಉಳಿಯುತ್ತದೆ. ಕೆಲವೊಮ್ಮೆ ವಯಸ್ಸು ಮುಗಿಯುವ ಮೊದಲೇ ಆಟದ ರೀತಿಯೇ ಬದಲಾಗುತ್ತದೆ. ಆಗ ಅವನು ತಾನು ಕಲಿತುದನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಹೊಸ ಕಣದಲ್ಲಿ ಹಳೆಯ ಬಲವು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂದೀತು? ಈ ಪ್ರಶ್ನೆಗಳಿಗೆ ಹತ್ತಿರದ ನಿದರ್ಶನಗಳೂ ಉಂಟು, ದೂರದ ನಿದರ್ಶನಗಳೂ ಉಂಟು.

ಮೊದಲು ಹತ್ತಿರದ್ದನ್ನು ನೋಡಬಹುದು. ಜಮಖಂಡಿಯ ಸೀಮೆಗೆ ನೀರುಣಿಸುವ ಕೃಷ್ಣೆಯು ಮೇಲೆ ಮಹಾರಾಷ್ಟ್ರದ ಕರಾಡದ ಮಗ್ಗುಲಲ್ಲಿ ಹರಿದು ಬರುತ್ತಾಳೆ. ಆ ಕರಾಡದ ಸಮೀಪದ ಗೋಳೇಶ್ವರವೆಂಬ ಹಳ್ಳಿಯಲ್ಲಿ 1926ರಲ್ಲಿ ಖಾಶಾಬಾ ದಾದಾಸಾಹೇಬ ಜಾಧವರು ಜನಿಸಿದರು. ಮಣ್ಣಿನ ಕಣದಲ್ಲಿ ಪಳಗಿದ ಈ ತರುಣರು 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಹೋದರು. ಅಲ್ಲಿ ಇದ್ದುದು ಮಣ್ಣಿನ ಕಣವಲ್ಲ, ಮ್ಯಾಟಿನ ಹಾಸು. ಮಣ್ಣಿನಲ್ಲಿ ಬರಿಗಾಲು ಊರಿ ನಿಲ್ಲುವ ಪೈಲವಾನನು ಮ್ಯಾಟಿನ ಮೇಲೆ ಬೂಟು ತೊಟ್ಟು ನಿಲ್ಲಬೇಕು. ಮಣ್ಣಿನ ಕುಸ್ತಿ ಬೆನ್ನು ನೆಲ ಮುಟ್ಟುವವರೆಗೆ ಗಂಟೆಗಟ್ಟಲೆ ನಡೆಯಬಹುದು. ಮ್ಯಾಟಿನ ಕುಸ್ತಿಗೆ ಕಾಲದ ಕಟ್ಟುಂಟು, ಅಂಕಗಳ ಲೆಕ್ಕವುಂಟು. ಮಣ್ಣಿನಲ್ಲಿ ತಾಳ್ಮೆಗೆ ಬೆಲೆ ಹೆಚ್ಚು, ಮ್ಯಾಟಿನಲ್ಲಿ ಚುರುಕಿಗೆ ಬೆಲೆ ಹೆಚ್ಚು. ಆ ಕ್ರೀಡೆಗಳಲ್ಲಿ ಜಾಧವರಿಗೆ ದೊರೆತುದು ಆರನೆಯ ಸ್ಥಾನ. ಅವರು ನಿರಾಶರಾಗದೆ ನಾಲ್ಕು ವರುಷ ಹೊಸ ರೀತಿಯನ್ನು ಅಭ್ಯಾಸ ಮಾಡಿದರು. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಕಿನಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಪದಕವನ್ನು ತಂದ ಮೊದಲಿಗರೆನಿಸಿದರು. 1948ರ ಆರನೆಯ ಸ್ಥಾನವನ್ನು ಕಂಡು ಕೈಬಿಟ್ಟಿದ್ದರೆ 1952ರ ಪದಕವು ಬರುತ್ತಿರಲಿಲ್ಲ.

ಬಾಗಲಕೋಟೆ ಜಿಲ್ಲೆಯವರೇ ಆದ ಅರ್ಜುನ ಹಲಕುರ್ಕಿಯವರು 2020ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಏಷ್ಯಾ ಕುಸ್ತಿ ಪಂದ್ಯಾವಳಿಯ ಗ್ರೀಕೋ–ರೋಮನ್ ವಿಭಾಗದಲ್ಲಿ, 55 ಕಿಲೋ ತೂಕದ ವರ್ಗದಲ್ಲಿ ಕಂಚಿನ ಪದಕವನ್ನು ಪಡೆದರು. ಗ್ರೀಕೋ–ರೋಮನ್ ಪದ್ಧತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಎದುರಾಳಿಯನ್ನು ಕೆಡವಲು ಕಾಲನ್ನು ಬಳಸುವಂತಿಲ್ಲ. ಜಾತ್ರೆಯ ಕುಸ್ತಿಯಲ್ಲಾದರೋ ಕಾಲಿನ ಪಟ್ಟುಗಳೇ ಅರ್ಧ ವಿದ್ಯೆ. ಆ ಅರ್ಧ ವಿದ್ಯೆಗೆ ಎಡೆಯೇ ಇಲ್ಲದ ಒಂದು ಪದ್ಧತಿಯಲ್ಲಿ, ಮಣ್ಣಿನ ಕುಸ್ತಿಗೆ ಹೆಸರಾದ ಜಿಲ್ಲೆಯಿಂದ ಬಂದವರೊಬ್ಬರು ಏಷ್ಯಾ ಖಂಡದ ಪದಕವನ್ನು ಪಡೆದುದು ಸಾಮಾನ್ಯವಾದ ಸಂಗತಿಯಲ್ಲ.

ಇವೆರಡೂ ಕುಸ್ತಿಯಿಂದ ಕುಸ್ತಿಗೇ ಆದ ಬದಲಾವಣೆಗಳು. ಇವುಗಳಿಗೇ ಇಷ್ಟು ಶ್ರಮ ಬೇಕಾದರೆ ಕುಸ್ತಿಯನ್ನು ಬಿಟ್ಟು ಬೇರೊಂದು ಆಟಕ್ಕೆ ಹೋಗುವವನ ಪಾಡೇನು? ಇದಕ್ಕೆ ಉತ್ತರವಾಗಿ ಅಮೆರಿಕದ ಇಬ್ಬರು ಮಲ್ಲರ ಜೀವನವನ್ನು ನೋಡಬಹುದು. ಇಬ್ಬರೂ ಕುಸ್ತಿಯಿಂದ ಫುಟ್‌ಬಾಲಿಗೆ ಹೋದವರು. ಇಬ್ಬರೂ ಒಂದೇ ಕಣದಲ್ಲಿ ಎದುರುಬದುರಾಗಿ ನಿಂತವರು.

ಮೊದಲು ಆ ಫುಟ್‌ಬಾಲಿನ ವಿಚಾರವಾಗಿ ಒಂದು ಮಾತು ಹೇಳಬೇಕು. ಅಮೆರಿಕದಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟ ಭಾರತದ ಶಾಲೆಗಳ ಮೈದಾನದಲ್ಲಿ ಆಡುವ ಕಾಲ್ಚೆಂಡಿನ ಆಟವಲ್ಲ. ಅಲ್ಲಿನ ಚೆಂಡು ದುಂಡಗಿರದೆ ಎರಡು ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಒಂದೊಂದು ಪಕ್ಷದಲ್ಲಿ ಹನ್ನೊಂದು ಜನ. ಗುರಿಯ ಗೆರೆಗಳ ನಡುವೆ ನೂರು ಗಜಗಳ ಅಂತರ. ತಲೆಗೆ ಶಿರಸ್ತ್ರಾಣವನ್ನೂ ಹೆಗಲಿಗೆ ದಪ್ಪನೆಯ ಕಾಪುಗಳನ್ನೂ ತೊಟ್ಟ ಆಟಗಾರರು ಒಬ್ಬರನ್ನೊಬ್ಬರು ತಡೆಯುತ್ತಾರೆ, ಹಿಡಿದು ಕೆಡವುತ್ತಾರೆ. ನೋಡಿದವರಿಗೆ ಇದು ಗುಂಪು ಕುಸ್ತಿಯಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಒಂದೊಂದು ನಡೆಯೂ ಮೊದಲೇ ಗೊತ್ತುಮಾಡಿದ ಯೋಜನೆಯಂತೆ ನಡೆಯುತ್ತದೆ. ಹನ್ನೊಂದು ಜನರಲ್ಲಿ ಒಬ್ಬನು ಒಂದು ಹೆಜ್ಜೆ ತಪ್ಪಿದರೂ ಯೋಜನೆ ಕೆಡುತ್ತದೆ. ಈ ಯೋಜನೆಗಳನ್ನು ಓದುವ, ನೆನಪಿಡುವ, ಕ್ಷಣಮಾತ್ರದಲ್ಲಿ ಗುರುತಿಸುವ ವಿದ್ಯೆಯನ್ನು ಅಲ್ಲಿನ ಹುಡುಗರು ಚಿಕ್ಕಂದಿನಿಂದಲೇ ಕಲಿಯುತ್ತಾರೆ.

1999ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಕುಸ್ತಿ ಪಂದ್ಯಾವಳಿ ನಡೆಯಿತು. ಅತ್ಯಂತ ಹೆಚ್ಚಿನ ತೂಕದ ವರ್ಗದ ಕೊನೆಯ ಪಂದ್ಯದಲ್ಲಿ ಸ್ಟೀಫನ್ ನೀಲ್ ಮತ್ತು ಬ್ರಾಕ್ ಲೆಸ್ನರ್ ಎಂಬ ತರುಣರು ಎದುರಾದರು. ನೀಲ್ ಕ್ಯಾಲಿಫೋರ್ನಿಯಾದವನು. ಲೆಸ್ನರ್ ದಕ್ಷಿಣ ಡಕೋಟಾ ಪ್ರಾಂತದ ಹೈನುಗಾರಿಕೆಯ ಮನೆಯಲ್ಲಿ ಬೆಳೆದವನು. ನೀಲ್ ಮೂರಕ್ಕೆ ಎರಡು ಅಂಕಗಳ ಅಂತರದಿಂದ ಗೆದ್ದನು. ಒಂದೇ ಒಂದು ಅಂಕದ ಅಂತರವೆಂದರೆ ಇಬ್ಬರ ಬಲವೂ ಹೆಚ್ಚುಕಡಮೆ ಸಮನಾಗಿತ್ತೆಂದೇ ತಿಳಿಯಬೇಕು. ಅದೇ ವರುಷ ನೀಲ್ ಟರ್ಕಿಯ ಅಂಕಾರಾದಲ್ಲಿ ಜಗತ್ತಿನ ಚಾಂಪಿಯನ್ ಆದನು. ಮರುವರುಷ, 2000ದಲ್ಲಿ, ವಿಶ್ವವಿದ್ಯಾಲಯಗಳ ಚಾಂಪಿಯನ್ ಪದವಿ ಲೆಸ್ನರನಿಗೆ ದೊರೆಯಿತು. ಇದಾದ ಬಳಿಕ ಇಬ್ಬರ ಹಾದಿಗಳೂ ಬೇರೆ ಬೇರೆಯಾದುವು.

ಲೆಸ್ನರ್ ದೂರದರ್ಶನದಲ್ಲಿ ತೋರಿಸುವ ವೃತ್ತಿಪರ ಕುಸ್ತಿಗೆ ಸೇರಿದನು. ಆ ಪ್ರದರ್ಶನ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಆದರೂ ಅಲ್ಲಿ ಬೀಳುವ ಮೈ ನಿಜವಾದ ಮೈ, ತಗಲುವ ಪೆಟ್ಟುಗಳೂ ಅನೇಕ ಸಲ ನಿಜವಾದ ಪೆಟ್ಟುಗಳೇ. 2002ರ ಆಗಸ್ಟಿನಲ್ಲಿ, ಇಪ್ಪತ್ತೈದರ ವಯಸ್ಸಿಗೇ ಅವನು ಆ ಪ್ರದರ್ಶನದ ಅತಿ ದೊಡ್ಡ ಪಟ್ಟವನ್ನೇರಿದನು. ಹಣವೂ ಹೆಸರೂ ಸಾಕಷ್ಟು ಬಂದುವು. ಆದರೆ 2004ರ ಮಾರ್ಚಿನಲ್ಲಿ ಅವನು ಅದೆಲ್ಲವನ್ನೂ ಬಿಟ್ಟು ವೃತ್ತಿಪರ ಫುಟ್‌ಬಾಲ್ ಆಡುವುದಾಗಿ ಹೊರಟನು. ಪ್ರೌಢಶಾಲೆಯನ್ನು ಬಿಟ್ಟ ಮೇಲೆ ಅವನು ಆ ಆಟವನ್ನು ಆಡಿರಲೇ ಇಲ್ಲ. ಅಷ್ಟರಲ್ಲಿ ಏಪ್ರಿಲ್ ತಿಂಗಳಲ್ಲಿ ಅವನ ಮೋಟಾರ್‌ಸೈಕಲ್ಲಿಗೂ ಒಂದು ವಾಹನಕ್ಕೂ ಡಿಕ್ಕಿಯಾಗಿ ದವಡೆ ಮುರಿಯಿತು, ಕೈ ಮುರಿಯಿತು. ಹೀಗಿದ್ದರೂ ಜುಲೈ ತಿಂಗಳಲ್ಲಿ ಮಿನೆಸೋಟಾ ವೈಕಿಂಗ್ಸ್ ಎಂಬ ತಂಡವು ಅವನನ್ನು ಪರೀಕ್ಷಾರ್ಥವಾಗಿ ಸೇರಿಸಿಕೊಂಡಿತು. ಪೂರ್ವಭಾವಿ ಪಂದ್ಯಗಳಲ್ಲಿ ಅವನು ಆಡಿದನು. ಆಗಸ್ಟ್ ತಿಂಗಳ ಕೊನೆಗೆ, ನಿಜವಾದ ಪಂದ್ಯಗಳು ಆರಂಭವಾಗುವ ಮುನ್ನವೇ, ತಂಡವು ಅವನನ್ನು ಕೈಬಿಟ್ಟಿತು. ಯೂರೋಪಿನಲ್ಲಿ ನಡೆಯುತ್ತಿದ್ದ ಕಿರಿಯ ತಂಡಗಳ ಪಂದ್ಯಾವಳಿಯಲ್ಲಿ ಆಡಿ ಅನುಭವ ಪಡೆಯುವ ಅವಕಾಶವಿತ್ತು. ಸಂಸಾರವನ್ನು ಬಿಟ್ಟು ಅಷ್ಟು ದೂರ ಹೋಗಲು ಅವನು ಒಪ್ಪಲಿಲ್ಲ. ಅಲ್ಲಿಗೆ ಅವನ ಫುಟ್‌ಬಾಲ್ ಮುಗಿಯಿತು.

ನೀಲ್‌ನ ಕಥೆ ಬೇರೆ. 2000ದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾಗದೆ ಹೋದ ಈ ವಿಶ್ವ ಚಾಂಪಿಯನ್ 2001ರಲ್ಲಿ ಫುಟ್‌ಬಾಲಿನ ಕಡೆ ತಿರುಗಿದನು. ಕಾಲೇಜಿನಲ್ಲಿ ಅವನು ಆ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವು ಅವನನ್ನು ಸೇರಿಸಿಕೊಂಡು ಕೆಲವೇ ವಾರಗಳಲ್ಲಿ ಕೈಬಿಟ್ಟಿತು. ಅವನು ಮನೆಗೆ ಮರಳಲಿಲ್ಲ. ಫಿಲಡೆಲ್ಫಿಯಾ ಈಗಲ್ಸ್ ಎಂಬ ಇನ್ನೊಂದು ತಂಡದ ಅಭ್ಯಾಸ ಬಳಗಕ್ಕೆ ಸೇರಿದನು. ಅಭ್ಯಾಸ ಬಳಗದವರು ದಿನವೂ ತಂಡದೊಡನೆ ಬೆವರು ಸುರಿಸುತ್ತಾರೆ. ಪಂದ್ಯದ ದಿನ ಮಾತ್ರ ಆಡುವಂತಿಲ್ಲ. ಜಗತ್ತಿನ ಚಾಂಪಿಯನ್ ಆಗಿದ್ದವನು ಹೀಗೆ ಇತರರ ಅಭ್ಯಾಸಕ್ಕೆ ನೆರವಾಗುವ ಕೆಲಸವನ್ನು ಒಪ್ಪಿಕೊಂಡನು. ಡಿಸೆಂಬರಿನಲ್ಲಿ ಹಳೆಯ ತಂಡವೇ ಅವನನ್ನು ಮತ್ತೆ ಕರೆಯಿತು. 2002ರಲ್ಲಿ ಆಡಲು ಅವಕಾಶ ದೊರೆತೊಡನೆಯೇ ಭುಜಕ್ಕೆ ಪೆಟ್ಟಾಗಿ ಬಹುಕಾಲ ಹೊರಗೆ ಉಳಿಯಬೇಕಾಯಿತು. 2004ರಲ್ಲಿ ಅವನು ತಂಡದ ಸಾಲಿನಲ್ಲಿ ನೆಲೆಯಾಗಿ ನಿಂತನು. 2005ರ ಫೆಬ್ರವರಿಯಲ್ಲಿ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಅವನ ತಂಡವು ಗೆದ್ದುದು ಹಿಂದೊಮ್ಮೆ ಅವನು ಅಭ್ಯಾಸ ಬಳಗದಲ್ಲಿ ದುಡಿದಿದ್ದ ಈಗಲ್ಸ್ ತಂಡವನ್ನೇ. 2010ರ ಸಾಲಿನವರೆಗೂ ಅವನು ಪೇಟ್ರಿಯಟ್ಸ್ ತಂಡದಲ್ಲಿ ಆಡಿದನು. ಅವನಿದ್ದ ಕಾಲದಲ್ಲಿ ಆ ತಂಡವು ಮೂರು ಸಲ ಸೂಪರ್ ಬೌಲ್ ಗೆದ್ದಿತು.

ಒಂದೇ ಅಂಕದ ಅಂತರದ ಇಬ್ಬರು ಮಲ್ಲರಲ್ಲಿ ಒಬ್ಬನು ಹೊಸ ಆಟದಲ್ಲಿ ಹತ್ತು ವರುಷ ಉಳಿದನು, ಇನ್ನೊಬ್ಬನು ಒಂದು ತಿಂಗಳಿನಷ್ಟೇ ಉಳಿದನು. ಇದರ ಕಾರಣವನ್ನು ಬಲದಲ್ಲಿ ಹುಡುಕಿದರೆ ಸಿಕ್ಕಲಾರದು. ಕುಸ್ತಿಯಿಂದ ಫುಟ್‌ಬಾಲಿಗೆ ಒಯ್ಯಬಹುದಾದ ಗುಣಗಳು ಇಬ್ಬರಲ್ಲಿಯೂ ಇದ್ದುವು. ತಡೆಯುವ ಸಾಲಿನಲ್ಲಿ ನಿಂತವನು ಮೈಯನ್ನು ತಗ್ಗಿಸಿ, ಕಾಲುಗಳನ್ನು ಅಗಲಿಸಿ, ತೂಕವನ್ನು ತಪ್ಪದೆ, ಎದುರಾಳಿಯ ತೋಳಿನ ಒಳಮಗ್ಗುಲಿಗೆ ತನ್ನ ಕೈಗಳನ್ನು ಸೇರಿಸಬೇಕು. ಇದೆಲ್ಲವೂ ಪೈಲವಾನನಿಗೆ ರೂಢಿಯಾದ ವಿದ್ಯೆ. ಎದುರಾಳಿಯ ತೂಕ ಯಾವ ಕಡೆಗೆ ವಾಲುತ್ತಿದೆ ಎಂಬುದನ್ನು ಅವನು ಕಣ್ಣಿನಿಂದಲ್ಲ, ಅಂಗೈಯಿಂದಲೇ ತಿಳಿಯಬಲ್ಲನು. ಆದರೆ ಕುಸ್ತಿಯಲ್ಲಿ ಎದುರಾಳಿ ಒಬ್ಬನೇ. ಫುಟ್‌ಬಾಲಿನಲ್ಲಿ ಅಕ್ಕಪಕ್ಕದ ಹತ್ತು ಜನ ಸಂಗಾತಿಗಳ ಹೆಜ್ಜೆಯೊಡನೆ ತನ್ನ ಹೆಜ್ಜೆಯನ್ನು ಹೊಂದಿಸಬೇಕು, ಎದುರಿನ ಹನ್ನೊಂದು ಜನರ ಇಂಗಿತವನ್ನು ಊಹಿಸಬೇಕು. ಈ ಅರಿವು ಬಲದಿಂದ ಬರುವುದಿಲ್ಲ, ಕಾಲದಿಂದ ಬರುತ್ತದೆ. ಒಂದು ಕಣದ ಬಲವನ್ನು ಇನ್ನೊಂದು ಕಣಕ್ಕೆ ಒಯ್ಯಬಹುದು. ಒಂದು ಕಣದ ಅನುಭವವನ್ನು ಒಯ್ಯಲಾಗದು.

ಆದುದರಿಂದ ಹೊಸ ಕಣಕ್ಕೆ ಇಳಿಯುವವನು ತೆರಬೇಕಾದ ಮೊದಲ ಬೆಲೆಯೆಂದರೆ ಮತ್ತೊಮ್ಮೆ ಹೊಸಬನಾಗುವುದು. ಹಳೆಯ ಬಿರುದುಗಳನ್ನು ಕಣದ ಹೊರಗೆ ಇರಿಸಿ, ತನಗಿಂತ ಕಿರಿಯರಿಂದ ಕಲಿಯಲು ಸಿದ್ಧನಾಗಬೇಕು. ಎಲ್ಲರ ಎದುರಿಗೆ ಬೀಳಲು ಸಿದ್ಧನಾಗಬೇಕು. ಗಾದೆಯ ಜಟ್ಟಿ ಮೀಸೆ ಮಣ್ಣಾಗಲಿಲ್ಲವೆಂದು ಜಂಬಪಡುತ್ತಾನೆ. ಹೊಸ ಕಣದ ಜಟ್ಟಿ ಮೀಸೆ ಮಣ್ಣಾದರೇನು ಎಂದು ಕೇಳುವಷ್ಟು ದೊಡ್ಡವನಾಗಬೇಕು. ಲಂಡನ್ನಿನಲ್ಲಿ ಸೋತು ಮರಳಿದ ಜಾಧವರೂ ಅಭ್ಯಾಸ ಬಳಗದಲ್ಲಿ ನಿಂತ ನೀಲ್‌ನೂ ತೆತ್ತದ್ದು ಈ ಬೆಲೆಯನ್ನೇ.

ಹಾಗಾದರೆ ಲೆಸ್ನರ್ ಮಾಡಿದುದು ತಪ್ಪೇ? ಹಾಗೆ ಹೇಳುವುದು ನ್ಯಾಯವಲ್ಲ. ಮುರಿದ ಮೂಳೆಗಳು ಕೂಡಿಕೊಂಡ ಕೆಲವೇ ವಾರಗಳಲ್ಲಿ ಅವನು ಕಠಿಣವಾದ ಆಟದ ಶಿಬಿರಕ್ಕೆ ಹೋದನು. ಕೈಬಿಟ್ಟ ಬಳಿಕ ಸಂಸಾರವನ್ನು ಬಿಟ್ಟು ಹೋಗಲಾರೆನೆಂದುದು ಅವನ ಬಾಳಿನ ಆಯ್ಕೆ. ಅದರಲ್ಲಿ ಹಳಿಯತಕ್ಕದ್ದೇನೂ ಇಲ್ಲ. ಅವನ ಕಥೆ ಅಲ್ಲಿಗೇ ನಿಲ್ಲಲೂ ಇಲ್ಲ. 2007ರಲ್ಲಿ ಅವನು ಗುದ್ದು, ಒದೆ, ಕುಸ್ತಿಗಳೆಲ್ಲವೂ ಸೇರಿದ ಮಿಶ್ರ ಮಲ್ಲಯುದ್ಧದ ಕಣಕ್ಕೆ ಇಳಿದನು. ಮರುವರುಷದ ಫೆಬ್ರವರಿಯಲ್ಲಿ ದೊಡ್ಡ ಕಣದ ಮೊದಲ ಪಂದ್ಯದಲ್ಲಿ ಒಂದೂವರೆ ನಿಮಿಷದೊಳಗೆ ಸೋತನು. ಅದೇ 2008ರ ನವೆಂಬರಿನಲ್ಲಿ ಹೆವಿವೇಟ್ ಚಾಂಪಿಯನ್ ಆದನು. ಈ ಮೂರನೆಯ ಕಣದಲ್ಲಿ ಕಾಲೇಜಿನ ದಿನಗಳ ಕುಸ್ತಿ ನೇರವಾಗಿ ಉಪಯೋಗಕ್ಕೆ ಬಂದಿತು. ಒಂದು ಪ್ರಯತ್ನ ವಿಫಲವಾದುದರಿಂದ ಮನುಷ್ಯನೇ ವಿಫಲನಾದನೆಂದು ತೀರ್ಮಾನಿಸುವುದು ಎಂತಹ ಅವಸರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಎರಡು ದೋಣಿಗಳ ಮೇಲೆ ಕಾಲಿಟ್ಟವನು ಮುಳುಗುತ್ತಾನೆ, ಹಿಡಿದ ವಿದ್ಯೆಯನ್ನು ಬಿಡಬಾರದು ಎಂಬುದು ಮೊದಲನೆಯದು. ಬೆಳಗಾವಿ ಜಿಲ್ಲೆಯ ಎಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕುಸ್ತಿಯೊಂದನ್ನೇ ನಂಬಿ ಸಾಧಿಸಿ, 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿ ಎನಿಸಿದರು. ಒಂದೇ ವಿದ್ಯೆಗೆ ಬಾಳನ್ನು ಮೀಸಲಿಟ್ಟ ಇಂತಹವರು ಪೂಜ್ಯರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ದೋಣಿಯಿಂದ ಇಳಿದು ಇನ್ನೊಂದನ್ನು ಏರುವುದು ಬೇರೆ, ಎರಡರ ಮೇಲೂ ಒಂದೊಂದು ಕಾಲನ್ನು ಇಡುವುದು ಬೇರೆ. ಬೇಸರದಿಂದಲೋ ಕಷ್ಟಕ್ಕೆ ಅಂಜಿಯೋ ದಿನಕ್ಕೊಂದು ವಿದ್ಯೆಯನ್ನು ಬದಲಿಸುವವನಿಗೆ ಗಾದೆಯ ಮಾತು ಸಲ್ಲುತ್ತದೆ. ಒಂದರಲ್ಲಿ ಪೂರ್ತಿಯಾಗಿ ದುಡಿದು, ಇನ್ನೊಂದರಲ್ಲಿಯೂ ಪೂರ್ತಿಯಾಗಿ ದುಡಿಯಲು ಹೊರಟವನಿಗೆ ಸಲ್ಲುವುದಿಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ಬೇರೆಡೆಯಲ್ಲಿ ಹೆಸರು ಮಾಡಿದವನಿಗೆ ಹೊಸ ಕಣದ ಬಾಗಿಲು ಸುಲಭವಾಗಿ ತೆರೆಯುತ್ತದೆ. ಚಿಕ್ಕಂದಿನಿಂದ ಆ ಒಂದೇ ಆಟವನ್ನು ಆಡುತ್ತ ಬಂದ ಬಡ ಹುಡುಗನು ಬಾಗಿಲ ಹೊರಗೆ ಕಾಯುತ್ತಿರುತ್ತಾನೆ. ಇದು ಅನ್ಯಾಯವಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಇದಕ್ಕೆ ಪರಿಹಾರವೆಂದರೆ, ಒಳಗೆ ಬಂದ ಬಳಿಕ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು. ವೈಕಿಂಗ್ಸ್ ತಂಡವು ಲೆಸ್ನರನ ಕೀರ್ತಿಯನ್ನು ನೋಡಿ ಅವನನ್ನು ಉಳಿಸಿಕೊಳ್ಳಲಿಲ್ಲ. ಆಟವನ್ನು ನೋಡಿತು, ಸಾಲದೆಂದು ಕಂಡಿತು, ಕಳುಹಿಸಿಕೊಟ್ಟಿತು. ಕೀರ್ತಿಯು ಬಾಗಿಲನ್ನು ತೆರೆಸಬಹುದು. ಒಳಗೆ ಆಸನವನ್ನು ಕೊಡಿಸಬಾರದು. ಈ ನಿಷ್ಠುರತೆ ಅವಮಾನವಲ್ಲ, ಆಟಕ್ಕೆ ಸಲ್ಲಿಸಿದ ಗೌರವ.

ಹೊಸ ಕಣಕ್ಕೆ ಇಳಿಯುವವನ ಹೊಣೆ ಇದಾದರೆ ಕಣದ ಸುತ್ತ ನೆರೆದ ಜನರ ಹೊಣೆಯೂ ಒಂದುಂಟು. ಅದು ಹೊಗಳಿಕೆಯಲ್ಲ, ಬಿದ್ದವನನ್ನು ಕಂಡು ನಗದಿರುವುದು. ನಗೆಗೆ ಹೆದರಿ ಕಣಕ್ಕೆ ಇಳಿಯದೆ ಉಳಿದವರು ಎಷ್ಟು ಜನರೋ, ಅವರ ಲೆಕ್ಕವನ್ನು ಇಟ್ಟವರಿಲ್ಲ. ಪೆಟ್ಟಾಗಿ ಕುಸ್ತಿಯನ್ನು ಬಿಟ್ಟ ಪೈಲವಾನನು ಕಬಡ್ಡಿಗೆ ಸೇರಿದರೆ, ಅಂಗಡಿಯನ್ನು ಇಟ್ಟರೆ, ಅರ್ಧಕ್ಕೆ ಬಿಟ್ಟ ಓದನ್ನು ಮತ್ತೆ ಹಿಡಿದರೆ, “ಇವನಿಗೆ ಇದೆಲ್ಲ ಏಕೆ?” ಎನ್ನುವ ನಾಲಿಗೆಗಳು ಊರಿನಲ್ಲಿ ಇದ್ದೇ ಇರುತ್ತವೆ. ಆ ಒಂದು ಮಾತಿನಿಂದ ಅವನು ಕೈಕಟ್ಟಿ ಕುಳಿತರೆ ನಷ್ಟ ಅವನೊಬ್ಬನಿಗೇ ಅಲ್ಲ, ಊರಿಗೂ ಹೌದು.

ಲೋಕಾಪುರದ ಸೀಮೆಯವರಿಗೆ ಈ ಪಾಠವನ್ನು ದೂರ ದೇಶದಿಂದ ತರಬೇಕಾಗಿಯೂ ಇಲ್ಲ. ಸಾವಿರ ವರುಷಗಳ ಹಿಂದೆ ಇದೇ ಮುಧೋಳದಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದ ಬಾಲಕನೊಬ್ಬನು ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೆ ಹೋದನು. ಮನೆತನದ ಕಸುಬು ಬಳೆಯ ವ್ಯಾಪಾರ. ಅವನು ಹಿಡಿದದ್ದು ಕಾವ್ಯದ ಹಾದಿ. ಅಜಿತಸೇನಾಚಾರ್ಯರಲ್ಲಿ ಕಲಿತು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ ಆತನೇ ರನ್ನ. ಕಣವನ್ನು ಬದಲಿಸಿದ ಈ ಕವಿ ಬರೆದ ‘ಗದಾಯುದ್ಧ’ದಲ್ಲಿ ಗೆದ್ದವನು ಭೀಮ. ಆದರೂ ಸೋತ ದುರ್ಯೋಧನನ ಛಲವನ್ನೂ ಘನತೆಯನ್ನೂ ಕವಿಯು ಕಂಡಿರುವ ರೀತಿ ಓದುಗರ ಮನಸ್ಸಿನಲ್ಲಿ ಅಚ್ಚಳಿಯದೆ ನಿಲ್ಲುತ್ತದೆ. ಕವಿಯಾದವನು ಬಿದ್ದವನನ್ನು ಕಂಡು ನಗಲಿಲ್ಲ. ಅವನ ಊರಿನವರು ನಗುವುದು ಸಲ್ಲದು.

ಈ ವಿಚಾರವು ಕುಸ್ತಿಯನ್ನು ಆಡುವವರಿಗೆ ಮಾತ್ರ ಸಂಬಂಧಿಸಿದುದಲ್ಲ. ಹಳ್ಳಿಯ ಶಾಲೆಯಲ್ಲಿ ತರಗತಿಗೆ ಮೊದಲಿಗನಾಗಿದ್ದ ಬಾಲಕನು ಪಟ್ಟಣದ ಕಾಲೇಜಿಗೆ ಹೋದಾಗ, ಕನ್ನಡದಲ್ಲಿ ಕಲಿತ ಬಾಲಕಿಯು ಇಂಗ್ಲಿಷಿನ ಪುಸ್ತಕವನ್ನು ಮೊದಲ ಸಲ ತೆರೆದಾಗ, ಅವರೂ ಮಣ್ಣಿನಿಂದ ಮ್ಯಾಟಿಗೆ ಬಂದ ಪೈಲವಾನರೇ. ಮೊದಲ ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾಗುತ್ತವೆ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಬಾಯಿ ಬರುವುದಿಲ್ಲ. ಹಿಂದಿನ ಬೆಂಚಿನಿಂದ ನಗೆ ಕೇಳಿಬರುತ್ತದೆ. ಆಗ “ನೆಲ ಡೊಂಕು” ಎಂದು ದೂರುವುದರಿಂದ ಫಲವಿಲ್ಲ; ತಾನು ಅಯೋಗ್ಯನೆಂದು ಹಳ್ಳಿಗೆ ಮರಳುವುದೂ ಸರಿಯಲ್ಲ. ಹಳೆಯ ಶಾಲೆಯಿಂದ ತಂದ ಶ್ರಮದ ಅಭ್ಯಾಸವು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹೊಸ ಕಣದ ಅರಿವಿಗೆ ಮಾತ್ರ ಕಾಲ ಬೇಕು. ಆ ಕಾಲವನ್ನು ಕೊಟ್ಟು ನೋಡಿದ ಬಳಿಕವೂ ದಾರಿ ತನ್ನದಲ್ಲವೆಂದು ತಿಳಿದರೆ ಮೂರನೆಯ ದಾರಿಯನ್ನು ಹುಡುಕುವುದರಲ್ಲಿ ನಾಚಿಕೆಪಡಬೇಕಾದುದಿಲ್ಲ.

ಗರಡಿಮನೆಯಲ್ಲಿ ಒಂದು ಪದ್ಧತಿಯುಂಟು. ಹಿರಿಯ ಪೈಲವಾನನಾಗಲಿ, ಮೊನ್ನೆ ಸೇರಿದ ಹುಡುಗನಾಗಲಿ, ಕಣಕ್ಕೆ ಇಳಿಯುವ ಮುನ್ನ ಬಾಗಿ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಗೆದ್ದ ಕುಸ್ತಿಗಳ ಲೆಕ್ಕವನ್ನು ಆ ಮಣ್ಣು ಕೇಳುವುದಿಲ್ಲ. ಅದನ್ನು ಮೊದಲೇ ತಾನಾಗಿ ಹಣೆಗೆ ಹಚ್ಚಿಕೊಂಡವನಿಗೆ, ಆಮೇಲೆ ಅದು ಮೀಸೆಗೆ ಹತ್ತಿದರೆ ಅಳುಕಬೇಕಾದ ಕಾರಣವೇನಿದೆ?